ಅಮ್ಮ ಏನಂದ್ರು?

“ಅಮ್ಮ ಏನಂದ್ರು?”

ಮೇಡಂ ಕೇಳಿದ್ದೇ ತಡ, ಇಡೀ ತರಗತಿ ಅವಳ ಕಡೆ ತಿರುಗಿತು. ಬೆಣ್ಣೆ ತೂಗುತ್ತಿದ್ದವರ ಕೈ ಅಲ್ಲಲ್ಲೇ ನಿಂತಿತು. ಅವಳು ಏಪ್ರನ್ನಿನ ದಾರ ಬಿಗಿದುಕೊಂಡು, ಗಂಟಲು ಸರಿಮಾಡಿಕೊಂಡು, ಹಿಂದಿನ ದಿನ ಮಾಡಿದ್ದ ಕ್ರೊಸಾಂ ಎಂಬ ಬೆಣ್ಣೆ ಬನ್ನಿನ ಬಗ್ಗೆ ವರದಿ ಒಪ್ಪಿಸಿದಳು.

“‘ಪದರ ಪದರವಾಗಿ ಬಂದಿದೆ, ಸರಿ. ಆದ್ರೆ ಅರ್ಧ ಬಾಯಿಗೆ ಹೋಯ್ತು, ಇನ್ನರ್ಧ ಹಾಸಿಗೆ ಮೇಲೆ ಉದುರ್ತು. ನಾಳೆಯಿಂದ ತಿಂಡಿ ಜೊತೆ ಪೊರಕೇನೂ ತಂದುಕೊಡು’ ಅಂದ್ರು.”

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳ ಮೇಜಿನ ಜೊತೆಗಾರರು ಬಸ್ ಓಡಿಸಿ ನಿವೃತ್ತರಾದವರು. ಎಲ್ಲರಿಗೂ ಅವರು ಬರೀ ಡ್ರೈವರ್. ಅವರಂತೂ ಕಣ್ಣೊರೆಸಿಕೊಂಡು, “ನಿಮ್ಮಮ್ಮನ್ನ ಒಂದ್ಸಲ ಕರ್ಕೊಂಡು ಬನ್ನಿ ಅಕ್ಕಾ, ಮೇಡಂಗೂ ಸ್ವಲ್ಪ ಬೈಸೋಣ” ಎಂದರು.

ಕರೆದುಕೊಂಡು ಬರುವ ಹಾಗಿರಲಿಲ್ಲ. ಹಿಂದಿನ ಚಳಿಗಾಲದಲ್ಲೇ ಅಮ್ಮ ತೀರಿಕೊಂಡಿದ್ದಳು.

ಅವಳು ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಫ್ರೆಂಚ್ ಪೇಸ್ಟ್ರಿ ಕಲಿಸುವ ಈ ಬೇಸಿಗೆ ಶಾಲೆಯಲ್ಲಿ ಒಂದು ಪದ್ಧತಿ. ಮಾಡಿದ್ದನ್ನು ಅಲ್ಲೇ ಬಾಯಿಗೆ ಹಾಕಿಕೊಳ್ಳುವಂತಿಲ್ಲ; ರಟ್ಟಿನ ಡಬ್ಬದಲ್ಲಿ ಮನೆಗೆ ಒಯ್ಯಬೇಕು, ತಿಂದವರು ಏನಂದರೆಂದು ಮರುದಿನ ಬಂದು ಹೇಳಬೇಕು. ರುಚಿ ನೋಡುವ ಅಧಿಕಾರ ಶಾಲೆಯಲ್ಲಿ ಮೇಡಂ ಒಬ್ಬರಿಗೇ. “ಮಾಡಿದವರ ನಾಲಿಗೆಗೆ ಮರ್ಯಾದೆ ಇರಲ್ಲ, ತಾನು ಮಾಡಿದ್ದೆಲ್ಲ ಚೆನ್ನಾಗಿದೆ ಅನ್ನುತ್ತೆ” ಎನ್ನುತ್ತಿದ್ದರು ಅವರು. ಮೊದಲ ದಿನ ಎಲ್ಲರೂ ಗಂಡ, ಮಕ್ಕಳು, ಅತ್ತೆ ಎಂದು ಹೇಳುತ್ತಾ ಬಂದು ಸರದಿ ಇವಳದಾದಾಗ, ಬಾಯಿಗೆ ಬಂದದ್ದು ಅಮ್ಮ. ಅಷ್ಟು ವರ್ಷ ಯಾರು ಏನು ಕೇಳಿದರೂ ಅಮ್ಮ ಹೀಗಂದರು, ಅಮ್ಮ ಹಾಗಂದರು ಎಂದೇ ಹೇಳಿ ಅಭ್ಯಾಸವಾದ ಬಾಯಿ. ಆ ದಿನ ಎಲ್ಲರೂ ನಕ್ಕುಬಿಟ್ಟರು. ನಕ್ಕಮೇಲೆ ತಿದ್ದುವುದು ಹೇಗೆ?

ಊರು ಬಿಟ್ಟು ಬಂದದ್ದೂ ಅಮ್ಮನ ಕಾರಣಕ್ಕೇ. ಅಮ್ಮ ಹಾಸಿಗೆ ಹಿಡಿದ ಮೇಲೆ ಅವಳು ಮನೆಯಿಂದ ಹೊರಗೆ ಕಾಲಿಟ್ಟದ್ದೇ ಅಪರೂಪ. ಅಮ್ಮ ಹೋದ ಮೇಲೂ ಅದೇ ಕೋಣೆಯಲ್ಲಿ ಕೂತಿರುವುದನ್ನು ನೋಡಿ ತಮ್ಮ, “ಹೀಗೇ ಕೂತ್ರೆ ನೀನು ಗೋಡೆ ಜೊತೆ ಮಾತಾಡೋಕೆ ಶುರು ಮಾಡ್ತೀಯ ಅಕ್ಕ, ಎಲ್ಲಾದ್ರೂ ಹೋಗಿ ಏನಾದ್ರೂ ಕಲಿ” ಎಂದು ಬೆನ್ನುಹತ್ತಿದ. ಪೇಸ್ಟ್ರಿ ಆರಿಸಿಕೊಂಡದ್ದು ಮಾತ್ರ ಅವಳೇ. ಅಮ್ಮನಿಗೆ ಗೊತ್ತಿಲ್ಲದ ಅಡುಗೆ ಅಂತ ಇದ್ದದ್ದು ಇದೊಂದೇ. ಇದರಲ್ಲಾದರೂ ‘ನನ್ನ ಹಾಗೆ ಮಾಡೋಕೆ ಬರಲ್ಲ ನಿನಗೆ’ ಎಂಬ ಮಾತು ನೆನಪಾಗಲಿಕ್ಕಿಲ್ಲ ಎಂದುಕೊಂಡಿದ್ದಳು. ಪಾಪ.

ಶಾಲೆ ಮಧ್ಯಾಹ್ನಕ್ಕೇ ಮುಗಿಯುತ್ತಿತ್ತು. ಆಮೇಲೆ ಡಬ್ಬ ಹಿಡಿದು ಊರು ಸುತ್ತುವುದು. ಹೆಸರು ಗೊತ್ತಿಲ್ಲದ ಬೀದಿಗಳು, ಗಡಿಯಾರ ರಿಪೇರಿ ಅಂಗಡಿಗಳ ಸಾಲು, ಸೇತುವೆ, ಅದರ ಕೆಳಗೆ ಇದ್ದೂ ಇಲ್ಲದಂತಿರುವ ನದಿ. ಬಸ್ಸಿನಲ್ಲಿ ‘ಇದು ಎಲ್ಲಿಗೆ ಹೋಗುತ್ತೆ’, ‘ಇಲ್ಲೇ ಇಳೀತೀನಿ’ ಬಿಟ್ಟರೆ ಸಂಜೆವರೆಗೂ ಬಾಯಿ ತೆರೆಯುವ ಪ್ರಸಂಗವೇ ಇಲ್ಲ. ಬಾಡಿಗೆ ಕೋಣೆಗೆ ಬಂದು, ಮಂಚದ ಮೇಲೆ ಡಬ್ಬ ಬಿಚ್ಚಿ, ಒಂದು ತುಂಡು ಕಚ್ಚಿ ಸುಮ್ಮನೆ ಕೂರುತ್ತಿದ್ದಳು. ಅಮ್ಮ ಏನೆನ್ನುತ್ತಿದ್ದಳು ಎಂದು ಕಷ್ಟಪಟ್ಟು ಯೋಚಿಸಬೇಕಾಗಿರಲಿಲ್ಲ. ಮಾತು ತಾನಾಗಿ ಬರುತ್ತಿತ್ತು. ಹಾಲನ್ನು ಎರಡನೇ ಸಲ ಕಾಯಿಸಿದ್ದು ಒಂದು ಗುಟುಕಿನಲ್ಲೇ ಗೊತ್ತಾಗುತ್ತಿದ್ದ ನಾಲಿಗೆ ಅದು. ಉಪ್ಪು ಒಂದು ಕಲ್ಲು ಹೆಚ್ಚಾದರೂ ತಟ್ಟೆ ಪಕ್ಕಕ್ಕೆ ಸರಿಯುತ್ತಿತ್ತು. ಚೆನ್ನಾಗಿದೆ ಎಂದು ಒಂದು ದಿನವೂ ಅಂದದ್ದಿಲ್ಲ. ತಿಂದು ಮುಗಿಸಿದರೆ ಅದೇ ದೊಡ್ಡದು.

ಎಕ್ಲೇರ್ ಮಾಡಿದ ದಿನ ಮೇಡಂ ಹಲ್ಲು ಕೀಳಿಸಿಕೊಂಡು, ಬಾಯಲ್ಲಿ ಹತ್ತಿ ಕಚ್ಚಿಕೊಂಡು ಬಂದಿದ್ದರು. ಕೈಸನ್ನೆಯಲ್ಲೇ ಪಾಠ. ಬೆರಳುದ್ದದ ಪೊಳ್ಳು ಬನ್ನು ಬೇಯಿಸುವುದು ಡ್ರೈವರ್ ಪಾಲಿಗೆ, ಅದರೊಳಗೆ ತುಂಬುವ ಕ್ರೀಮು ಇವಳ ಪಾಲಿಗೆ. ಡ್ರೈವರ್ ತಮ್ಮ ಮೊಮ್ಮಗಳು ಶಾಲೆಯ ನಾಟಕದಲ್ಲಿ ಮರದ ಪಾತ್ರ ಮಾಡಿ, ಮಧ್ಯದಲ್ಲೇ ಅಜ್ಜನಿಗೆ ಟಾಟಾ ಮಾಡಿದ ಕಥೆ ಹೇಳುತ್ತಿದ್ದರು. ಅವಳು ನಗುತ್ತಲೇ ಕೈಗೆಟುಕಿದ ಡಬ್ಬಿಯಿಂದ ಕ್ರೀಮಿಗೆ ಅಳೆದು ಸುರಿದಳು. ಎಕ್ಲೇರ್‌ಗಳು ಅಂಗಡಿಯ ಗಾಜಿನೊಳಗೆ ಇಡುವಂತೆ ಬಂದವು. ರುಚಿ ನೋಡುವ ಸ್ಥಿತಿಯಲ್ಲಿಲ್ಲದ ಮೇಡಂ ಕೆನ್ನೆ ಹಿಡಿದುಕೊಂಡೇ ತಲೆಯಾಡಿಸಿದರು. ಅವರು ಮೆಚ್ಚಿ ತಲೆಯಾಡಿಸಿದ್ದು ಅದೇ ಮೊದಲು.

ಆ ಮಧ್ಯಾಹ್ನ ಖುಷಿಯಲ್ಲಿ ಸಿಕ್ಕಿದ ಬಸ್ಸು ಹತ್ತಿ ಕೊನೆಯ ಸ್ಟಾಪಿನವರೆಗೂ ಹೋದಳು. ಇಳಿದು ನೋಡಿದರೆ ಅಲ್ಲಿ ಒಂದು ನೀರಿನ ಟ್ಯಾಂಕು, ಒಂದು ಬೆಂಚು ಬಿಟ್ಟರೆ ಏನೂ ಇಲ್ಲ. ಬೆಂಚಿನ ಮೇಲೆ ಒಬ್ಬ ಮುದುಕಿ, ಪಕ್ಕದಲ್ಲಿ ಇವಳಷ್ಟೇ ವಯಸ್ಸಿನ ಮಗಳು. ಮಗಳು ಬಗ್ಗಿ ತಾಯಿಯ ಚಪ್ಪಲಿಯ ಪಟ್ಟಿ ಹಾಕುತ್ತಿದ್ದಳು. “ಬಿಗಿಯಾಯ್ತು ಕಣೆ... ಈಗ ಸಡಿಲ ಆಯ್ತು... ಒಂದು ಕೆಲಸ ನೆಟ್ಟಗೆ ಬರಲ್ಲ ನಿನಗೆ” ಎಂದು ಮುದುಕಿ ಗೊಣಗುತ್ತಿದ್ದಳು. ನೋಡುತ್ತಾ ನಿಂತ ಇವಳಿಗೆ ಹೊಟ್ಟೆಕಿಚ್ಚಾಯಿತು. ಬೇರೇನೂ ಅಲ್ಲ, ಶುದ್ಧ ಹೊಟ್ಟೆಕಿಚ್ಚು. ಡಬ್ಬ ಮುಂದೆ ಹಿಡಿದು ‘ತಗೊಳ್ಳಿ, ನಾನೇ ಮಾಡಿದ್ದು’ ಅನ್ನಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಬಸ್ಸು ಹೊರಟಿತೆಂದು ಅವರಿಬ್ಬರೂ ಎದ್ದು ಹತ್ತಿಬಿಟ್ಟರು.

ಮುಂದಿನ ಬಸ್ಸು ಬರುವವರೆಗೆ ಡಬ್ಬ ಬಿಸಿಲಲ್ಲೇ ಇತ್ತು. ಮೊಟ್ಟೆ ಹಾಲಿನ ಕ್ರೀಮು, ಇನ್ನು ತಿನ್ನುವ ಹಾಗಿರಲಿಲ್ಲ. ಬಿಚ್ಚಿಯೂ ನೋಡದೆ ಕಸದ ಬುಟ್ಟಿಗೆ ಹಾಕಿದಳು. ಕೋಣೆಗೆ ಬಂದು ತಮ್ಮನಿಗೆ ಫೋನ್ ಮಾಡಿದರೆ, “ಅಕ್ಕ, ಮೀಟಿಂಗಲ್ಲಿದ್ದೀನಿ” ಎಂದ.

ಮರುದಿನ ಬೆಳಿಗ್ಗೆ ಮೇಡಂ ಕೇಳಿದರು. ಎಲ್ಲರೂ ಬೈಗುಳಕ್ಕೆ ಕಿವಿ ತೆರೆದು ಕಾದರು.

“ಚೆನ್ನಾಗಿದೆ ಅಂದ್ರು” ಎಂದಳು ಅವಳು. ಹೇಳಿದ ಮೇಲೆ ಅವಳಿಗೇ ಆಶ್ಚರ್ಯ. ನಾಲಿಗೆ ಮಾತ್ರ ನಿಲ್ಲಲಿಲ್ಲ. “ತುಂಬಾ ಚೆನ್ನಾಗಿದೆ, ಇನ್ನೊಂದು ಕೊಡು ಅಂದ್ರು. ನನ್ನ ಕೈ ಹಿಡ್ಕೊಂಡು ಅಂದ್ರು.”

ತರಗತಿಯೆಲ್ಲ ಚಪ್ಪಾಳೆ. ಅವಳ ಮುಖ ಕೆಂಪಾಯಿತು. ಇಲ್ಲದ ಅಮ್ಮ ಹೇಳದ ಮಾತಿಗೆ ಮೈಯೆಲ್ಲ ಹಗುರಾಗಿತ್ತು.

ಮುಂದಿನ ಸರದಿ ಡ್ರೈವರ್ ಅವರದು. ಅವರು ಚಪ್ಪಾಳೆ ತಟ್ಟಿರಲಿಲ್ಲ. ತಲೆ ಕೆರೆದುಕೊಂಡರು. “ನಮ್ಮನೇಲಿ... ಅದು... ಮೊಮ್ಮಕ್ಕಳು ಉಗುಳಿಬಿಟ್ರು ಮೇಡಂ. ನಾನೂ ತಿಂದು ನೋಡ್ದೆ. ಕ್ರೀಮಿಗೆ ಸಕ್ಕರೆ ಬದಲು ಉಪ್ಪು ಬಿದ್ದಿದೆ. ಬಾಯಿಗೆ ಇಡೋ ಹಾಗಿರಲಿಲ್ಲ.”

ಇಬ್ಬರದೂ ಒಂದೇ ಪಾತ್ರೆಯ ಕ್ರೀಮು ಎಂಬುದು ಎಲ್ಲರಿಗೂ ಗೊತ್ತಿತ್ತು. ಚಪ್ಪಾಳೆ ತಟ್ಟಿದವರೆಲ್ಲ ಅವಳ ಕಡೆ ನೋಡಿದರು. ಎದುರು ಮೇಜಿನ ನರ್ಸ್ ಒಳ್ಳೆಯ ಹುಡುಗಿ, ಯಾರ ಮುಖವೂ ಕೆಡುವುದು ಅವಳಿಗೆ ಆಗದು. ಅವಳೇ ದಾರಿ ತೋರಿಸಿದಳು.

“ವಯಸ್ಸಾದವರಿಗೆ ಹಾಗಾಗುತ್ತೆ ಅಕ್ಕ. ನಮ್ಮ ವಾರ್ಡಲ್ಲೂ ನೋಡ್ತೀನಲ್ಲ. ನಾಲಿಗೆ ರುಚಿ ಹೊರಟುಹೋಗುತ್ತೆ, ಉಪ್ಪು ಯಾವ್ದು ಸಿಹಿ ಯಾವ್ದು ಅಂತ ಗೊತ್ತಾಗಲ್ಲ. ಪಾಪ, ನಿಮ್ಮಮ್ಮನಿಗೂ ಹಾಗೇ ಆಗಿರಬೇಕು.”

ಹೌದು ಎಂದು ಒಂದು ಸಲ ತಲೆಯಾಡಿಸಿದ್ದರೆ ಸಾಕಿತ್ತು. ಮೇಡಂ ಕೂಡ ಅದನ್ನೇ ಕಾಯುತ್ತಿರುವಂತೆ ಕಂಡಿತು. ಬೇಸಿಗೆ ಮುಗಿಯುವವರೆಗೂ ಅಮ್ಮ ಈ ತರಗತಿಯಲ್ಲಿ ಇರುತ್ತಿದ್ದಳು, ರುಚಿ ಕೆಟ್ಟ ಬಡಪಾಯಿ ಮುದುಕಿಯಾಗಿ. ಅವಳ ತಲೆ ಆಡಲಿಲ್ಲ.

“ಇಲ್ಲ” ಎಂದಳು. “ನಮ್ಮಮ್ಮನ ನಾಲಿಗೆಗೆ ಏನೂ ಆಗಿರಲಿಲ್ಲ. ಕೊನೇ ದಿನಾನೂ ಗಂಜೀಲಿ ಉಪ್ಪು ಹೆಚ್ಚು ಅಂತ ಬಟ್ಟಲು ತಳ್ಳಿದ್ರು. ಅವರು ಇದನ್ನ ತಿಂದಿಲ್ಲ. ಯಾವುದನ್ನೂ ತಿಂದಿಲ್ಲ. ಅವರಿಲ್ಲ. ಚಳಿಗಾಲದಲ್ಲೇ ಹೋದ್ರು.”

ನರ್ಸ್ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಮೇಡಂ ಊದಿದ ಕೆನ್ನೆಯನ್ನು ಮುಟ್ಟಿ ನೋಡಿಕೊಂಡು, “ನೀವಿಬ್ಬರೂ ಮೊದಲು ಆ ಕ್ರೀಮು ಮತ್ತೆ ಮಾಡಿ” ಎಂದಷ್ಟೇ ಹೇಳಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

ಡ್ರೈವರ್ ಪದ್ಧತಿ ಮುರಿದು ಡಬ್ಬಿಗೆ ಬೆರಳು ಅದ್ದಿ ನೆಕ್ಕಿ, ಸಕ್ಕರೆಯೇ ಎಂದು ಖಾತ್ರಿ ಮಾಡಿಕೊಂಡು ಅವಳತ್ತ ಸರಿಸಿದರು. ಅವಳು ಮೊಟ್ಟೆಯ ಹಳದಿ ಕಲಸಿದಳು, ಬಿಸಿ ಹಾಲು ಬೆರೆಸಿದಳು, ಪಾತ್ರೆ ಒಲೆಗಿಟ್ಟು ತಿರುವತೊಡಗಿದಳು. ಅಕ್ಕಪಕ್ಕದವರು ತಂತಮ್ಮ ಕೆಲಸಕ್ಕೆ ಮರಳಿದ್ದರು, ಎಂದಿಗಿಂತ ಮೆತ್ತಗೆ.

“ನಿನ್ನೆ ಮಾಡಿದ್ದನ್ನ ತಿಂದಿದ್ರೆ ಅಮ್ಮ ಏನಂತಿದ್ರು?” ಎಂದು ಡ್ರೈವರ್ ತಗ್ಗಿದ ದನಿಯಲ್ಲಿ ಕೇಳಿದರು. ತಮಾಷೆಗೆ ಕೇಳಿದ ಹಾಗಿರಲಿಲ್ಲ.

ಅವಳು ಏನಾದರೂ ಚುರುಕಾದದ್ದು ಹೇಳಲು ಹೋದಳು. ಬಂದದ್ದು ಬೇರೆ, ಅಮ್ಮ ನಿಜವಾಗಿಯೂ ಹೇಳಿದ್ದ ಮಾತು.

“‘ನಾನು ಹೋದಮೇಲೆ, ಉಪ್ಪು ಜಾಸ್ತಿ ಆಯ್ತು ಅಂತ ನಿನಗೆ ಹೇಳೋರು ಯಾರೇ?’ ಅಂತಿದ್ರು.”

ಡ್ರೈವರ್ ಒಲೆಯ ಉರಿ ಸಣ್ಣ ಮಾಡಿದರು.

“ಉಪ್ಪು ಜಾಸ್ತಿ ಆಗಿತ್ತು ಅಕ್ಕ” ಎಂದರು. “ಸಿಕ್ಕಾಪಟ್ಟೆ ಜಾಸ್ತಿ ಆಗಿತ್ತು.”

ಚಳಿಗಾಲದಲ್ಲಿ ಬಾರದ ಅಳು ಆಗ ಬಂತು. ಕ್ರೀಮು ಗಟ್ಟಿಯಾಗುತ್ತಿತ್ತು, ಕೈ ತೆಗೆಯುವ ಹಾಗಿರಲಿಲ್ಲ. ಡ್ರೈವರ್ ಬಟ್ಟೆಯಲ್ಲಿ ಪಾತ್ರೆಯ ಹಿಡಿ ಅಲುಗದಂತೆ ಹಿಡಿದುಕೊಂಡರು. ಅವಳು ಕಣ್ಣು, ಮೂಗು ಭುಜಕ್ಕೆ ಒರೆಸಿಕೊಳ್ಳುತ್ತಾ, ತಳ ಹಿಡಿಯದಂತೆ ತಿರುವುತ್ತಲೇ ಇದ್ದಳು.