ಎರಡು ಹರಕೆ

ಲಾರಿ ಹೋಯಿತು, ಗಾಳಿ ಹೊಡೆದು ಯಾತ್ರಿಕರ ಹಳದಿ ಅಂಗಿ ಬೆನ್ನಿಗೆ ಅಂಟಿತು, ಈಗ ಇನ್ನೊಂದು, ನೀಲಗಿರಿ ದಿಮ್ಮಿ ಹೊತ್ತದ್ದು, ಡ್ರೈವರ್ ಹಾರ್ನ್ ಒತ್ತಿ ನನ್ನನ್ನು ನೋಡಿ ಶಿಲುಬೆಯ ಗುರುತು ಮಾಡಿಕೊಂಡ, ಭಕ್ತೆ ಅಂದುಕೊಂಡನೇನೋ — ಭಕ್ತೆಯಂತೆ! ನಮ್ಮೂರು ಮತೊಸಿನ್ಯೋಸ್ ಬಿಟ್ಟು ನಾಲ್ಕು ದಿನ, ಮರಿಯಮ್ಮನ ಯಾತ್ರಾಸ್ಥಳ ಫಾತಿಮಾಗೆ ಇನ್ನು ಮೂರು, ನಾನು ಹೊರಟಿರುವುದು ಮಾತೆ ಮರಿಯಮ್ಮನ ಜೊತೆ ಜಗಳಕ್ಕೆ. ಗಂಡ ಉಳಿದರೆ ನಡೆದೇ ಬರುತ್ತೇನೆಂದು ಹರಕೆ ಹೊತ್ತಿದ್ದೆ, ಅಬೀಲಿಯೊ ಫೆಬ್ರವರಿಯಲ್ಲಿ ಹೋದ, ಹರಕೆಯೇ ಬಿದ್ದೋಯ್ತಲ್ಲ ದಿಯೊಲಿಂಡಾ, ಇನ್ಯಾಕೆ ಕಾಲು ಸವೆಸ್ತೀಯ ಎಂದರು ಕಾರ್ಖಾನೆಯ ಹೆಂಗಸರು, ಸಾರ್ಡೀನ್ ಮೀನಿನ ತಲೆ ಕತ್ತರಿಸುತ್ತಲೇ, ನಾನೂ ಕತ್ತರಿಸುತ್ತಲೇ ಹೇಳಿದೆ, ಎದುರು ನಿಂತು ಕೇಳ್ಬೇಕು ಕಣ್ರೇ, ಮರಿಯಮ್ಮನೂ ಮಗನ್ನ ಕಳ್ಕೊಂಡವಳು, ಅವಳಿಗಾದ್ರೂ ಗೊತ್ತಿರಬೇಕಿತ್ತು. ಹೊರಡುವ ಬೆಳಿಗ್ಗೆ ಬಾಗಿಲಲ್ಲಿ ಅತ್ತೆ ಫೆಲಿಷ್ಮೀನಾ, ಎಪ್ಪತ್ತಾರು ವರ್ಷ, ಕಪ್ಪು ಲಂಗ, ಬಗಲಲ್ಲಿ ಚೀಲ, ನಾನೂ ಬರ್ತೀನಿ. ನೀವಾ? ಸಂತೆಗೇ ಬಸ್ಸು ಹತ್ತೋರು! ಬರ್ತೀನಿ ಅಂದ್ರೆ ಬರ್ತೀನಿ, ನೀನೇನು ನನ್ನ ಹೊತ್ಕೊಂಡು ಹೋಗ್ಬೇಕಾಗಿಲ್ಲ. ಮೂವತ್ತು ವರ್ಷ ನನ್ನ ಸೂಪಿಗೆ ಉಪ್ಪು ಸಾಲದು ಎಂದವಳು, ಮಗ ಬಡಿಸಿದರೆ ಅದೇ ಸೂಪು ಅಮೃತ. ಆದರೂ ನಿನ್ನೆ ದಾರಿಯಲ್ಲಿ ಸಿಕ್ಕ ಮೆಯಾಲ್ಯಾಡ ಊರಿನ ಬೀದಿಯಲ್ಲಿ ಹಂದಿಮರಿ ಸುಡುವ ಘಮಕ್ಕೆ ನಮ್ಮ ಯಾತ್ರಿಕರ ಗುಂಪೆಲ್ಲ ಜಪ ಮರೆತು ನಿಂತಾಗ, ಸ್ವಾಮಿ, ಈ ಪರೀಕ್ಷೆ ನಿಂದಾ, ಹೋಟೆಲಿನವಂದಾ ಎಂದಳಲ್ಲ ಅತ್ತೆ, ನಾನು ನಕ್ಕುಬಿಟ್ಟೆ, ಫೆಬ್ರವರಿಯಿಂದ ಮೊದಲ ಸಲ, ನಕ್ಕದ್ದಕ್ಕೆ ನನಗೇ ನಾಚಿಕೆ.

ನಗಬಾರದಿತ್ತು, ಆ ಸಲಿಗೆಯಲ್ಲೇ ಇವತ್ತು ಕಿತ್ತಳೆ ಸುಲಿಯುತ್ತ ಕೇಳಿದೆ, ಅತ್ತೇ, ನಿಮ್ಮ ಹರಕೆ ಏನು? ತೀರಿತಲ್ಲ, ಅದಕ್ಕೇ ಬಂದೆ. ಏನು ತೀರಿದ್ದು? ನರಳಿಸದೆ ಕರ್ಕೋ ತಾಯೀ ಅಂತ ಬೇಡ್ಕೊಂಡಿದ್ದೆ, ಮಗು ನಿದ್ದೇಲೇ ಹೋದ. ಸಿಪ್ಪೆ ಕೈಯಿಂದ ಬಿತ್ತು. ಒಂದೇ ಇಗರ್ಜಿ, ಒಂದೇ ಮೇಣದಬತ್ತಿಯ ಸಾಲು, ನಾನು ಉಳಿಸು ಎಂದೆ, ಪಕ್ಕದಲ್ಲೇ ಮೊಣಕಾಲೂರಿ ಅವಳು ಕರೆದುಕೋ ಎಂದಳು, ಅವಳದ್ದೇ ನಡೆಯಿತು — ಹೆತ್ತವಳಾಗಿ ಸಾವು ಕೇಳಿದ್ರಾ ನೀವು, ಸಾವು! ಅವನ ಕೂಗು ನಿಂಗೆ ಕೇಳಿಸ್ಲಿಲ್ವೇನೇ ಎಂದಳು ಅತ್ತೆ, ಅಷ್ಟೇ, ಮೆಲ್ಲಗೆ. ಎದ್ದು ಬಂದೆ, ಒಂದು ಗಂಟೆಯಾಯಿತು, ಹಿಂತಿರುಗಿ ನೋಡಿಲ್ಲ, ಬರಲಿ ಬಿಡಲಿ. ಕೇಳಿಸಲಿಲ್ಲವೇ? ಜನವರಿಯಲ್ಲಿ ಅವನು ನನ್ನ ಮಣಿಕಟ್ಟು ಹಿಡಿದು, ಲಿಂಡಾ, ಸಾಕು ಕಣೇ ಎಂದ, ಹುಚ್ಚುಚ್ಚಾಗಿ ಮಾತಾಡ್ಬೇಡ ಎಂದು ದಿಂಬು ಸರಿಮಾಡಿ ಸೂಪು ಕಾಯಿಸಲು ಎದ್ದುಹೋದೆ, ಕುಡಿಯಲಾರದವನಿಗೆ ಸೂಪು, ಬಲವಂತವಾಗಿ, ಚಮಚ ಚಮಚ — ಕೇಳಿಸಿತ್ತು, ಮರಿಯಮ್ಮ, ಕೇಳಿಸಿತ್ತು. ಅವನು ನನ್ನ ಹತ್ತಿರ ಕೇಳಿದ್ದನ್ನೇ ಅವಳು ನಿನ್ನ ಹತ್ತಿರ ಕೇಳಿದಳು, ನನ್ನ ಕೈಲಾಗದ್ದು ಹೆತ್ತವಳ ಕೈಲಾಯಿತು, ಹೇಗಾಯಿತೋ.

ಕಾಲು ತಾನಾಗಿ ಹಿಂದಕ್ಕೆ ತಿರುಗಿತು, ಎದುರಿಗೆ ಹಳದಿ ಅಂಗಿಗಳು, ಗುಂಪಿನ ಮುಂದಾಳು ಕ್ಷೌರಿಕ ಝುಲ್ಮೀರೊ ಕೋಲೆತ್ತಿ ತಾವು ಹೊರಟ ದಿಕ್ಕು ತೋರಿಸಿ ಕೂಗುತ್ತಾನೆ, ಅಕ್ಕಾ, ಮರಿಯಮ್ಮ ಈ ಕಡೆ! ಅತ್ತೆ ಆ ಕಡೆ, ಎಂದೆ. ಓಡುತ್ತಿದ್ದೇನೆ, ಐವತ್ತನಾಲ್ಕರಲ್ಲಿ, ಅತ್ತೆ ಬಿದ್ದಿದ್ದರೆ, ಲಾರಿ ತಗುಲಿದ್ದರೆ — ಇಲ್ಲ, ಅಗೋ, ಮೈಲಿಗಲ್ಲಿನ ಮೇಲೆ ಕೂತಿದ್ದಾಳೆ, ಒಂದು ಬೂಟು ಬಿಚ್ಚಿ, ಬಗ್ಗಿದರೂ ಕೈ ಪಾದಕ್ಕೆ ಎಟುಕದೆ. ಬಂದ್ಯಾ, ನೀರಿದ್ಯಾ? ಇದೆ, ಕಾಲು ಕೊಡಿ. ಮೊಣಕಾಲೂರಿದೆ, ಕಾಲುಚೀಲ ಸರಿಸಿದರೆ ಹಿಮ್ಮಡಿಯಲ್ಲಿ ಬೊಬ್ಬೆ, ನೀರು ಬಸಿಯಲು ದಾರ ಪೋಣಿಸಿದ ಸೂಜಿ ಚುಚ್ಚಿದೆ, ಅಯ್ಯಯ್ಯೋ, ಸಾರ್ಡೀನ್ ಅಲ್ಲ ಕಣೇ, ಕಾಲು! ಸುಮ್ನಿರಿ ಅತ್ತೆ, ನಾಳೆ ಹಾರಿಕೊಂಡು ಬರ್ತೀರಿ. ಜಗಳ ಬಿಟ್ಟಿಲ್ಲ ಮರಿಯಮ್ಮ, ಬರುತ್ತೇನೆ, ಆದರೆ ಇವಳ ಹೆಜ್ಜೆಗೆ ಬರುತ್ತೇನೆ, ನಾಲ್ಕು ದಿನ ತಡವಾದರೆ ನೀನೇ ಕಾದಿರು. ಕಾಲುಚೀಲ ಪೂರ್ತಿ ಎಳೆದು ತೆಗೆದೆ, ಮೂವತ್ತು ವರ್ಷದಲ್ಲಿ ಇವಳ ಬರಿಗಾಲು ನೋಡಿದ್ದೇ ಇಲ್ಲ — ಎರಡನೇ ಬೆರಳು ಹೆಬ್ಬೆರಳಿಗಿಂತ ಉದ್ದ, ತುದಿಯಲ್ಲಿ ಎಡಕ್ಕೆ ಡೊಂಕು, ಚಿಪ್ಪಿನಂಥ ಉಗುರು, ಅಬೀಲಿಯೊನ ಬೆರಳು, ಚಾದರದಾಚೆ ಇಣುಕುತ್ತಿದ್ದ ಅದೇ ಬೆರಳು, ನಡಿಯೇ, ಹೊತ್ತಾಯ್ತು ಎನ್ನುತ್ತಾಳೆ, ಹೋಗೋಣ ಅತ್ತೆ, ಒಂದು ನಿಮಿಷ, ಡೊಂಕು ಬೆರಳು, ನನ್ನ ಅಂಗೈಯಲ್ಲಿ, ಬೆಚ್ಚಗೆ, ಅಲುಗುತ್ತಿದೆ, ಆ ಬೆರಳು —