ಗಿರಾವೀನ್ ಮಠಕ್ಕೆ ಸರ್ಕಾರ ಬಂದದ್ದು

ಸಿಡ್ನಿಯ ಗಿರಾವೀನ್‌ನಲ್ಲಿದ್ದ ಶಿವಲಿಂಗವ್ವನ ಗ್ಯಾರೇಜಿಗೆ ಜನ ತಮಾಷೆಗೆ ‘ಮಠ’ ಎನ್ನುತ್ತಿದ್ದರು. ಹದಿನಾರು ವರ್ಷದ ಹಿಂದೆ ಗಂಡ ಶಿವಬಸಪ್ಪ ಕಾರನ್ನು ಹೊರಗೆ ನಿಲ್ಲಿಸಿ, ಅಲ್ಲಿ ಜಮಖಾನೆ ಹಾಸಿ, ಭಾನುವಾರದ ಪೂಜೆ, ವಚನ, ಊಟ ಶುರುಮಾಡಿದ್ದ. ಆ ಮಠಕ್ಕೆ ಸ್ವಾಮಿಯಿಲ್ಲ, ಕಾಯ್ದೆಯಿಲ್ಲ. ಇದ್ದದ್ದು ಒಂದೇ ಕಟ್ಟಳೆ: ಬಡಿಸುವಾಗ ಯಾರು ‘ಬ್ಯಾಡ’ ಅಂದರೂ ನಂಬಬಾರದು. ಶಿವಲಿಂಗವ್ವ ಹುಬ್ಬಳ್ಳಿಯ ಹೆಣ್ಣುಮಗಳು. ಮೂರು ಸಲ ಒತ್ತಾಯ ಮಾಡಿ ಹೋಳಿಗೆ ಹಾಕಿಯೇ ಮುಂದೆ ಹೋಗುವವಳು. ಓದಲು ಬಂದಿದ್ದ ಮೈಸೂರಿನ ಸಂಪತ್ ಹೀಗೆ ಬೇಡ ಬೇಡ ಎನ್ನುತ್ತಲೇ ಎರಡು ವರ್ಷ ಅಲ್ಲಿ ಹೊಟ್ಟೆ ತುಂಬಿಸಿಕೊಂಡಿದ್ದ.

ಶಿವಬಸಪ್ಪ ತೀರಿಕೊಂಡ ಮೇಲೂ ಜನ ಹೆಚ್ಚುತ್ತಲೇ ಹೋದರು. ಬೀದಿ ತುಂಬ ಕಾರು, ನೆರೆಯವರ ದೂರು. ದೊಡ್ಡ ಹಾಲ್ ಸಿಗಬೇಕಾದರೆ ಸಂಘ ರಿಜಿಸ್ಟರ್ ಆಗಬೇಕಿತ್ತು. “ಆಗ್ಲಿ ಬಿಡ್ರಿ, ನಮ್ಮ ಮಠಕ್ಕೂ ಒಂದು ಸರ್ಕಾರ ಬರ್ಲಿ,” ಎಂದವಳು ಶಿವಲಿಂಗವ್ವನೇ. ಮೆಲ್ಬರ್ನ್ ಸಂಘದವರ ಸಂವಿಧಾನ ತರಿಸಿ, ಊರಿನ ಹೆಸರು ಬದಲಿಸಿ, ಹದಿನೆಂಟು ಪುಟ ಪ್ರಿಂಟ್ ತೆಗೆದದ್ದೂ ಆಯಿತು.

ಅಧ್ಯಕ್ಷೆ ತಾನೇ ಎಂದು ಅವಳು ನಂಬಿದ್ದಳು. ಆಸೆಯೂ ಇತ್ತು, ಸುಳ್ಳು ಯಾಕೆ? ಗಂಡ ಹಚ್ಚಿದ ದೀಪವನ್ನು ತಾನೇ ಹಿಡಿದು ಹೊಸ ಹಾಲ್‌ಗೆ ಒಯ್ಯಬೇಕೆಂಬ ಆಸೆ. ಚುನಾವಣೆಯ ದಿನ, ಅವನು ಕೊನೆಯ ಸಲ ಊರಿನಿಂದ ತಂದುಕೊಟ್ಟ ಇಳಕಲ್ ಸೀರೆಯ ಮಡಿಕೆ ಬಿಚ್ಚಿ ಉಟ್ಟಳು.

ಸಭೆ ನಡೆದದ್ದು ಗ್ಯಾರೇಜಿನಲ್ಲೇ. ಚುನಾವಣೆ ನಡೆಸಲು ಸಂಪತ್ ಲ್ಯಾಪ್‌ಟಾಪ್ ತೆರೆದು ಕೂತಿದ್ದ.

“ಆಂಟಿ, ಪ್ರೆಸಿಡೆಂಟ್ ಪೋಸ್ಟ್‌ಗೆ ನಿಮ್ ಹೆಸ್ರು ನಾಮಿನೇಟ್ ಆಗಿದೆ. ಆಕ್ಸೆಪ್ಟ್ ಮಾಡ್ತೀರಾ?”

ತುಂಬಿದ ಸಭೆಯಲ್ಲಿ ಕೇಳಿದ ಕೂಡಲೇ ಹೂಂ ಅನ್ನುವುದು ಎಲ್ಲಿಯ ಮರ್ಯಾದೆ? “ಅಯ್ಯ, ನಂಗ್ಯಾಕೋ ತಮ್ಮಾ, ಬ್ಯಾಡ,” ಎಂದು ಸೆರಗು ಸರಿಮಾಡಿಕೊಂಡು ನಕ್ಕಳು. ಇನ್ನೊಮ್ಮೆ ಕೇಳಲಿ ಎಂದು ಕಾದಳು. ಮೂರನೆಯ ಸಲಕ್ಕೆ ಒಪ್ಪುವ ಮಾತನ್ನೂ ಜೋಡಿಸಿಟ್ಟುಕೊಂಡಿದ್ದಳು.

“ಓಕೆ, ಆಂಟಿ ಡಿಕ್ಲೈನ್ಡ್,” ಸಂಪತ್ ಟೈಪ್ ಮಾಡಿದ. “ನೆಕ್ಸ್ಟ್, ಕೆಲ್ಲಿವಿಲ್ ಜಲಜಾ ಅವ್ರು?”

ಕೆಲ್ಲಿವಿಲ್ ಬಡಾವಣೆಯಿಂದ ಬರುತ್ತಿದ್ದ ಹೊಸಬಳು ಜಲಜಾ “ಯೆಸ್” ಎಂದಳು.

ಯಾರಾದರೂ ‘ಇಲ್ರೀ, ನೀವೇ ಆಗ್ರಿ’ ಅಂದಾರೇನೋ ಎಂದು ಶಿವಲಿಂಗವ್ವ ಸುತ್ತ ನೋಡಿದಳು. ಹುಬ್ಬಳ್ಳಿ ಧಾರವಾಡದ ಹಳಬರು ಒಳಗೆ ಅಡಿಗೆಮನೆಯಲ್ಲಿದ್ದರು. ಹೊಸಬರು ಚಪ್ಪಾಳೆ ತಟ್ಟಿದರು, ಅವಳೂ ತಟ್ಟಿದಳು. ಯಾರ ಮೇಲೆ ಸಿಟ್ಟಾಗಬೇಕು? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗ್ಯಾರೇಜಿನ ಆ ಒಂದು ಕಟ್ಟಳೆಯನ್ನು ಹದಿನೆಂಟು ಪುಟದಲ್ಲಿ ಯಾರೂ ಬರೆದಿರಲಿಲ್ಲ.

ಮುಂದಿನ ತಿಂಗಳು ಹೊಸ ಹಾಲ್‌ನಲ್ಲಿ ಮೊದಲ ಪೂಜೆ. ದೀಪ ಹಚ್ಚಿದವಳು ಅಧ್ಯಕ್ಷೆ ಜಲಜಾ. ಶಿವಲಿಂಗವ್ವ ಊಟದ ಸಾಲಿನ ತುದಿಯಲ್ಲಿ ಕೂತಳು. ಸಂಪತ್ ಬಡಿಸುತ್ತ ಬಂದ.

“ಇನ್ನೊಂದ್ ಹೋಳಿಗೆ, ಆಂಟಿ?”

“ಬ್ಯಾಡೋ.”

ಅವನು ಎರಡು ಹೆಜ್ಜೆ ಮುಂದೆ ಹೋದವನು ತಟ್ಟನೆ ನಿಂತ. ತಿರುಗಿ ನೋಡಿದಾಗ ಅವನ ಮುಖ ಸಪ್ಪಗಾಗಿತ್ತು.

“ಆಂಟಿ... ಅವತ್ತು ಮೀಟಿಂಗಲ್ಲೂ ನೀವು ಹಿಂಗೇನಾ ಅಂದಿದ್ದು?”

ಸಂಪತ್ ಮೊಣಕಾಲೂರಿ ಕೂತು, ಹೋಳಿಗೆ ಹಿಡಿದು, “ಒಂದೇ ಒಂದು, ಆಂಟಿ,” ಎಂದ. ಮತ್ತೆ ಕೇಳಿದ. ಮೂರನೆಯ ಸಲವೂ ಕೇಳಿದ.

“ಖರೇನ ಬ್ಯಾಡ, ತಮ್ಮಾ,” ಎಂದಳು ಶಿವಲಿಂಗವ್ವ, ತಟ್ಟೆಗೆ ಕೈ ಅಡ್ಡ ಹಿಡಿದು.