ಹರಳೆಣ್ಣೆ ಕುಡಿದ ಕೋಲು

ಮದುವೆಯ ಹಸಿರು ಬಳೆಗಳಲ್ಲಿ ಇನ್ನೂ ಒಂದೂ ಒಡೆದಿರಲಿಲ್ಲ, ಅಷ್ಟರಲ್ಲಿಯೇ ನೀಲಾಂಬಿಕೆಗೆ ತನಗೊಬ್ಬಳು ಸವತಿ ಇರುವುದು ಗೊತ್ತಾಗಿತ್ತು. ಸವತಿ ಸೊಂಟದೆತ್ತರ ಇದ್ದಳು. ಮೈಯೆಲ್ಲ ನುಣುಪು, ಜೇನಿನ ಬಣ್ಣ. ಪಾದದ ಹತ್ತಿರ ಕುಡುಗೋಲಿನಂತೆ ಬಾಗಿ, ಆ ಬಾಗಿನ ತುಸು ಮೇಲೆ ಕಬ್ಬಿಣದ ಕಡಗ ತೊಟ್ಟಿದ್ದಳು. ಅದು ಅವಳ ಗಂಡ ಗಂಗಾಧರಪ್ಪನ ಹಾಕಿ ಕೋಲು.

ಶಿಕಾರಿಪುರದ ಪೇಟೆಯಲ್ಲಿ ಗಂಗಾಧರಪ್ಪನ ಮನೆಯವರದು ಬಟ್ಟೆ ಅಂಗಡಿ. ಸಂಜೆಯಾಯಿತೆಂದರೆ, ಗಿರಾಕಿಗಳು ಸೀರೆ ಬಿಚ್ಚಿಸಿಕೊಂಡು ಕೂತಿದ್ದರೂ ಸರಿ, ಗಜಕಡ್ಡಿಯನ್ನು ಅಪ್ಪನ ಕೈಗೆ ಕೊಟ್ಟು, ಕೋಲು ಹಿಡಿದು ಮೈದಾನಕ್ಕೆ ಓಡುತ್ತಿದ್ದ. ಅಲ್ಲಿ ಅಕ್ಕಿ ಗಿರಣಿಯ ಹುಚ್ಚರಾಯಪ್ಪ ಕ್ಯಾಪ್ಟನ್. ಉಳಿದವರಲ್ಲಿ ಒಬ್ಬ ದರ್ಜಿ, ಒಬ್ಬ ಕಚೇರಿ ಗುಮಾಸ್ತ, ಇಬ್ಬರು ಮೇಷ್ಟ್ರುಗಳು ಇದ್ದರು. ಚೆಂಡು ಚಿಂದಿ ಸುತ್ತಿ ಮೇಲೆ ಚರ್ಮ ಹೊಲಿಸಿದ್ದು. ಕೋಲುಗಳು ಕೊಂಬೆ ಕಡಿದು ಕೆತ್ತಿದ್ದು. ಗಂಗಾಧರಪ್ಪನ ಕೋಲನ್ನು ಮಾತ್ರ ಯಾರೂ ಕೆತ್ತಿ ಬಾಗಿಸಿರಲಿಲ್ಲ. ಅದು ಹಾಗೆಯೇ ಬಾಗಿ ಬೆಳೆದದ್ದು. ಯಾವ ಮರ, ಎಲ್ಲಿಯ ಮರ ಎಂದು ಅವನು ಯಾರಿಗೂ ಹೇಳಿರಲಿಲ್ಲ. ಕ್ಯಾಸನೂರು ಕಡೆಯ ಕಾಡಿನದಿರಬೇಕು ಎಂದು ಹುಡುಗರು ಮಾತಾಡಿಕೊಳ್ಳುತ್ತಿದ್ದರು. ಅಲ್ಲಿ ಮಂಗಗಳು ಸತ್ತು ಬೀಳತೊಡಗಿ, ಕಟ್ಟಿಗೆಗೆ ಹೋದವರು ಜ್ವರ ಹಿಡಿದು ಮಲಗಿದ ಮೇಲೆ ಆ ಕಾಡಿನ ಹೆಸರೆತ್ತಿದರೇ ಜನ ಹೆದರುತ್ತಿದ್ದರು. ಹಾಗಾಗಿ ಅಂಥ ಇನ್ನೊಂದು ಕೋಲು ಯಾರಿಗೂ ಸಿಗುವಂತಿರಲಿಲ್ಲ.

"ನನಗಾದ್ರೂ ಹೇಳ್ರಿ, ಯಾವ ಮರ?" ಎಂದು ನೀಲಾಂಬಿಕೆ ಒಮ್ಮೆ ಕೇಳಿದ್ದಳು.

"ನಿಂಗ್ಯಾಕ ಬೇಕು ಅದು?" ಎಂದು ಅವನು ನಕ್ಕುಬಿಟ್ಟಿದ್ದ.

ಅವಳು ಅಜ್ಜಿಯ ತೊಡೆಯ ಮೇಲೆ ಮಲಗಿ ಕಥೆ ಕೇಳಿ ಬೆಳೆದವಳು. ಏಳು ಸಮುದ್ರದಾಚೆ ಒಂದು ಮರ, ಮರದ ಪೊಟರೆಯಲ್ಲಿ ಗಿಳಿ, ಆ ಗಿಳಿಯಲ್ಲಿ ರಾಕ್ಷಸನ ಪ್ರಾಣ. ರಾಕ್ಷಸನಿಗೆ ಹೆಂಡತಿ ಇದ್ದಳೋ ಇಲ್ಲವೋ ಅಜ್ಜಿ ಹೇಳುತ್ತಿರಲಿಲ್ಲ. ನೀಲಾಂಬಿಕೆ ಈಗ ಅವಳನ್ನೇ ನೆನೆಯುತ್ತಿದ್ದಳು. ಪಾಪ, ಗಂಡ ಎದುರಿಗೇ ಕೂತು ಉಣ್ಣುತ್ತಾನೆ, ಪ್ರಾಣ ಮಾತ್ರ ಇನ್ನೆಲ್ಲೋ.

ಅಷ್ಟರಲ್ಲಿ ಸೊರಬದಲ್ಲಿ ಹಾಕಿ ಪಂದ್ಯ ನಿಗದಿಯಾಯಿತು. ಶನಿವಾರ, ಭಾನುವಾರ ಎರಡು ದಿನ. ಸೊರಬವೆಂದರೆ ನೀಲಾಂಬಿಕೆಯ ತವರು. ಗಂಡ ಅಳಿಯನಾಗಿ ಅಲ್ಲಿಗೆ ಹೋಗುತ್ತಿರುವುದು ಅದೇ ಮೊದಲ ಸಲ. ಹೊಸ ಅಳಿಯ ಹೊರಟು ನಿಂತಾಗ ಅತ್ತೆ ಹೊಸಿಲಲ್ಲಿ ನಿಂತು ಒಂದು ಮಾತು ಕೇಳುವುದು ಆ ಮನೆಯ ಪದ್ಧತಿ: ಮಗಳನ್ನು ಬಿಟ್ಟು ಹೋಗುತ್ತೀರೋ, ಕರೆದುಕೊಂಡು ಹೋಗುತ್ತೀರೋ? ಬಿಟ್ಟು ಹೋಗುತ್ತೇನೆಂದರೆ ಹುಡುಗಿ ದೀಪಾವಳಿಯವರೆಗೆ ತವರಲ್ಲೇ. ಅಕ್ಕ ರಾಜೇಶ್ವರಮ್ಮನ ಗಂಡ, ಪ್ರಶ್ನೆ ಮುಗಿಯುವ ಮೊದಲೇ "ಕರ್ಕೊಂಡು ಹೋಗ್ತೀನಿ" ಎಂದುಬಿಟ್ಟಿದ್ದ. ರಾಜೇಶ್ವರಮ್ಮ ಆ ಮಾತನ್ನು ಇವತ್ತಿಗೂ ಒಡವೆಯ ಹಾಗೆ ತೊಟ್ಟುಕೊಂಡು ಓಡಾಡುತ್ತಿದ್ದಳು. ನೀಲಾಂಬಿಕೆಗೆ ಬೇಕಾಗಿದ್ದದ್ದು ಆ ಒಂದು ಮಾತು, ಅಕ್ಕನ ಎದುರಿಗೆ, ಅವನ ಬಾಯಿಂದಲೇ.

ಶುಕ್ರವಾರ ಮಧ್ಯಾಹ್ನ ಗಿರಣಿಯ ಲಾರಿ ಹೊರಟಿತು. ಮುಂದೆ ಡ್ರೈವರನ ಪಕ್ಕ ಹುಚ್ಚರಾಯಪ್ಪನ ತಾಯಿ ಬಂಗಾರಮ್ಮ, ಅವರ ಪಕ್ಕ ನೀಲಾಂಬಿಕೆ. ಹಿಂದೆ ತಂಡದವರೆಲ್ಲ. ಗಂಗಾಧರಪ್ಪ ಅವಳನ್ನು ಹತ್ತಿಸಿ, ಬಾಗಿಲು ಹಾಕಿ, ತಾನು ಹಿಂದಕ್ಕೆ ಹೋದ. ಶಿರಾಳಕೊಪ್ಪ ದಾಟುವವರೆಗೂ ಹಿಂದಿನಿಂದ ಅವನ ನಗು ಕೇಳುತ್ತಲೇ ಇತ್ತು. ಮನೆಯಲ್ಲಿ ಅವನು ಅಷ್ಟು ನಕ್ಕದ್ದನ್ನು ಅವಳು ಕೇಳಿರಲಿಲ್ಲ.

"ಗಂಡಸ್ರು ಹಿಂಗೇ ಬಿಡವ್ವಾ," ಎಂದರು ಬಂಗಾರಮ್ಮ. "ನನ್ ಮಗ ಆ ಚೆಂಡು ತಲಿದಿಂಬಿನಾಗ ಇಟ್ಕೊಂಡು ಮಲಗ್ತಾನ. ಅದಕ್ಕ ಹೆಣ್ಣೂ ಸಿಗವಲ್ದು."

ಸೊರಬದಲ್ಲಿ ತಾಯಿ ಜಗದಾಂಬ ಒಬ್ಬ ಅಳಿಯನಿಗೆ ಆರತಿ ಹಿಡಿದು ಬಂದವರು, ಲಾರಿಯಿಂದ ಇಡೀ ತಂಡ ಧುಮುಕಿದ್ದನ್ನು ಕಂಡು ತಟ್ಟೆ ಹಿಡಿದೇ ನಿಂತುಬಿಟ್ಟರು. ಆಮೇಲೆ ಒಳಗೆ ಹೋಗಿ ಇನ್ನಷ್ಟು ಕಡಲೆಬೇಳೆ ಬೇಯಲು ಇಡಿಸಿದರು. ಅಳಿಯನ ಜೊತೆ ಬಂದವರಿಗೆ ಹೋಳಿಗೆ ಇಲ್ಲವೆನ್ನುವ ಮನೆ ಅದಲ್ಲ.

ಕೈಕಾಲು ತೊಳೆದು ಜಗಲಿಯಲ್ಲಿ ಕೂತ ಗಂಗಾಧರಪ್ಪ ಕೇಳಿದ, "ಅತ್ತೇರಾ, ಒಂದೀಟು ಹರಳೆಣ್ಣೆ ಸಿಗುತ್ತೇನ್ರಿ?"

ಪ್ರಯಾಣದಲ್ಲಿ ಅಳಿಯನ ತಲೆ ಕಾದಿದೆ ಎಂದುಕೊಂಡ ಜಗದಾಂಬ ಎಣ್ಣೆಯನ್ನು ಬೆಚ್ಚಗೆ ಮಾಡಿ, ಬೆಳ್ಳಿ ಬಟ್ಟಲಲ್ಲಿ ತಂದುಕೊಟ್ಟರು. ಅವನು ಅದನ್ನು ಕೋಲಿಗೆ ಹಚ್ಚತೊಡಗಿದ. ನೆತ್ತಿಯಿಂದ ಹಿಡಿದು ಕೆಳಗಿನವರೆಗೆ, ಬಾಗಿನ ಒಳಗೂ ಹೊರಗೂ, ಬಾಣಂತಿ ಮನೆಯ ಮುದುಕಿ ಕೂಸಿಗೆ ನೀವುವಂತೆ ನೀವಿದ. ತಂಗಿ ಬರುತ್ತಾಳೆಂದು ತವರಿಗೆ ಬಂದಿದ್ದ ರಾಜೇಶ್ವರಮ್ಮ ಬಾಗಿಲ ಮರೆಯಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

"ಎಂಥದೇ ಇದು ನೀಲಾ? ನಿನ್ನ ತಲೆಗೆ ಒಂದಿನ ಆದ್ರೂ ಹೀಗೆ ಎಣ್ಣೆ ಹಚ್ಚಿದ್ದಾರಾ?"

"ನನ್ನ ತಲೆಗೆ ಹಚ್ಚಿಕೊಳ್ಳೋಕೆ ನನಗೆ ಕೈ ಇಲ್ವಾ?" ಎಂದಳು ನೀಲಾಂಬಿಕೆ.

ಆಗಲೇ ಜಗದಾಂಬ ಎಣ್ಣೆ ಬಟ್ಟಲು ತೆಗೆದುಕೊಳ್ಳುತ್ತ, ಸುಮ್ಮನೆ ಮಾತಿಗೆ ಎನ್ನುವ ಹಾಗೆ, "ನೀಲಾ ಈ ಸಲ ದೀಪಾವಳಿ ಮುಗಿಸ್ಕೊಂಡೇ ಬರ್ತಾಳೇನೋ?" ಎಂದರು.

ಗಂಗಾಧರಪ್ಪ ಕೋಲನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ತಲೆ ಎತ್ತದೆಯೇ, "ಇರ್ಲಿ ಬಿಡ್ರಿ ಅತ್ತೇರಾ, ಇರ್ಲಿ," ಎಂದ.

ಹೊಸಿಲ ಪ್ರಶ್ನೆ ಅದಲ್ಲ. ಅದು ಹೊರಡುವ ಹೊತ್ತಿನದು. ಆದರೂ ಅದರ ಉತ್ತರ ಈಗಲೇ ಸಿಕ್ಕಿತು ಎನ್ನಿಸಿತು ನೀಲಾಂಬಿಕೆಗೆ. ಎಣ್ಣೆ ಇಳಿಯಲೆಂದು ಅವನು ಕೋಲನ್ನು ಗೋಡೆಗೆ ಒರಗಿಸಿ, ಎಲ್ಲರ ಜೊತೆ ಊಟಕ್ಕೆ ಒಳಗೆ ಹೋದಾಗ ಅವಳು ಅದನ್ನು ಎತ್ತಿಕೊಂಡಳು. ಅದು ಕೈಯಲ್ಲಿ ಜಾರುತ್ತಿತ್ತು, ಬೆಚ್ಚಗಿತ್ತು. ಅವನ ಅಂಗೈ ಬಿಸಿಯೇ ಅದು ಎನ್ನಿಸಿ ಹೊಟ್ಟೆಕಿಚ್ಚು ಇನ್ನಷ್ಟು ಹೊತ್ತಿಕೊಂಡಿತು. ಹಿತ್ತಲಿನ ಬಚ್ಚಲುಮನೆಗೆ ಹೋಗಿ, ಹಂಡೆ ಒಲೆಯ ಪಕ್ಕದ ಕಟ್ಟಿಗೆ ರಾಶಿಯಲ್ಲಿ ಅದನ್ನು ತೂರಿಸಿಟ್ಟಳು. ಮುರಿಯಬೇಕೆಂದಲ್ಲ. ಊಟವಾದ ಮೇಲೆ ಅವನು ಹುಡುಕಲಿ. ಹುಡುಕುತ್ತ ತನ್ನ ಹತ್ತಿರ ಬರಲಿ. "ನೀಲಾ, ನೋಡಿದ್ಯಾ?" ಎನ್ನಲಿ. ಅಷ್ಟಾದರೆ ತಂದುಕೊಡುತ್ತಾಳೆ.

ಅವನು ಹುಡುಕಲಿಲ್ಲ. ಹೋಳಿಗೆಯ ಮೇಲೆ ಜಗದಾಂಬ ಸುರಿದ ತುಪ್ಪಕ್ಕೆ ಇಡೀ ತಂಡ ಜಗಲಿಗೆ ಬಂದು ಕೂತಲ್ಲೇ ಉರುಳಿ ನಿದ್ದೆಹೋಯಿತು. ಕ್ಯಾಪ್ಟನ್‌ನ ತೋಳಿನ ಮೇಲೆ ತಲೆಯಿಟ್ಟು ಗಂಗಾಧರಪ್ಪನೂ ಮಲಗಿದ. ಒಳಕೋಣೆಯಲ್ಲಿ ಹಾಸಿದ್ದ ಹೊಸ ಚಾಪೆಯ ಮೇಲೆ ನೀಲಾಂಬಿಕೆ ಒಬ್ಬಳೇ ಮಗ್ಗುಲಾದಳು.

ಬೆಳಿಗ್ಗೆ ಅವಳು ಎದ್ದು ಹಿತ್ತಲಿಗೆ ಬರುವಷ್ಟರಲ್ಲಿ ಬಚ್ಚಲುಮನೆಯಿಂದ ಹೊಗೆ ಏಳುತ್ತಿತ್ತು. ಶನಿವಾರ, ಹೊಸ ಅಳಿಯನಿಗೆ ಎಣ್ಣೆಸ್ನಾನ. ಮನೆಗೆಲಸದ ಮುದುಕಿ ಗುತ್ಯಮ್ಮ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ಅವಳಿಗೆ ಎರಡೂ ಕಣ್ಣು ಮಂಜು.

"ಬಾ ಮಗಾ. ಎಂಥಾ ಒಣಕಟ್ಗೆ ಅಂತೀಯ! ಒಂದು ಡೊಂಕು ಕೊರಡು ಕೈಗೆ ಸಿಕ್ತು, ಎಣ್ಣೆ ಕುಡಿದಂಗೆ ಉರೀತು ಮಾರಾಯ್ತಿ. ಊದೋದೇ ಬೇಕಾಗ್ಲಿಲ್ಲ."

ಒಲೆಯ ಬಾಯಲ್ಲಿ ಆ ಬಾಗು ಇನ್ನೂ ಕಾಣುತ್ತಿತ್ತು, ಕೆಂಡದ ಕುಡುಗೋಲಿನಂತೆ. ನೀಲಾಂಬಿಕೆ ನೋಡುತ್ತಿದ್ದಂತೆ ಅದು ಎರಡಾಗಿ ಮುರಿದು ಬಿತ್ತು. ಗಿಳಿಯ ಕುತ್ತಿಗೆ ಮುರಿದ ಕ್ಷಣಕ್ಕೆ ರಾಕ್ಷಸ ಸಾಯುತ್ತಾನೆ ಎಂದು ಅಜ್ಜಿ ಹೇಳುತ್ತಿದ್ದಳು. ನೀಲಾಂಬಿಕೆ ಓಡಿ ಜಗಲಿಗೆ ಬಂದು ನೋಡಿದಳು. ಗಂಡ ಬದುಕಿದ್ದ, ಆಕಳಿಸುತ್ತ ಹೊಟ್ಟೆ ಸವರಿಕೊಳ್ಳುತ್ತಿದ್ದ.

ಆ ನೀರಿನಲ್ಲೇ ಅವನ ಸ್ನಾನವಾಯಿತು. "ಬಾಳ ಚೊಲೋ ಕಾದಿತ್ತು ನೀರು," ಎಂದು ಅತ್ತೆಗೆ ಹೇಳಿ, ವಿಭೂತಿ ಹಚ್ಚಿಕೊಂಡು, ಲಿಂಗಪೂಜೆ ಮುಗಿಸಿ ಜಗಲಿಗೆ ಬಂದ. ಗೋಡೆ ನೋಡಿದ. ಬಾಗಿಲ ಹಿಂದೆ ನೋಡಿದ. ಲಾರಿ ಹತ್ತಿ ನೋಡಿದ. ಆಮೇಲೆ ಗದ್ದಲ ಎದ್ದಿತು.

"ಸೊರಬದೋರು ಕದ್ದಾರ!" ಎಂದು ಹುಚ್ಚರಾಯಪ್ಪ ಪಂಚೆ ಮೇಲಕ್ಕೆ ಕಟ್ಟಿದ. "ಈ ಕೋಲು ಇದ್ರ ನಾವು ಗೆಲ್ತೀವಂತ ಅವ್ರಿಗೆ ಗೊತ್ತೈತಿ. ನಡೀರ್ಲೇ, ಒಬ್ಬೊಬ್ಬನ ಮನಿ ಶೋಧ ಮಾಡೋಣ!"

ಗಂಗಾಧರಪ್ಪ ಗೋಡೆಯ ಮೇಲೆ ಎಣ್ಣೆಯ ಕಲೆ ಇದ್ದ ಜಾಗವನ್ನು ಬೆರಳಿನಿಂದ ಮುಟ್ಟುತ್ತ ನಿಂತಿದ್ದ. ನೀಲಾಂಬಿಕೆ ಅವನ ಮುಖ ನೋಡಿದಳು. ತನಗಾಗಿ ಆ ಮುಖ ಎಂದಾದರೂ ಹಾಗಾದೀತೇ ಎಂಬ ಯೋಚನೆ ಬಂತು, ಆ ಹೊತ್ತಿನಲ್ಲೂ. ನಿಜ ಹೇಳಲು ಬಾಯಿ ತೆರೆದಳು. ಹೊಸಿಲ ಪ್ರಶ್ನೆ ನೆನಪಾಗಿ ಮುಚ್ಚಿದಳು. ಹೇಳಿದರೆ ಅವನು ತನ್ನನ್ನು ದೀಪಾವಳಿಯವರೆಗಲ್ಲ, ಯಾವಾಗಲೂ ಇಲ್ಲೇ ಬಿಡುತ್ತಾನೆ. ಆದರೆ ಹುಡುಗರು ಆಗಲೇ ಮೆಟ್ಟಿಲಿಳಿಯುತ್ತಿದ್ದರು. ಅವಳು ನಡುಮನೆಗೆ ಹೋಗಿ, ತಂದೆ ವೀರಬಸಪ್ಪನವರ ಕೈಕೋಲನ್ನು ಗೂಟದಿಂದ ತೆಗೆದು ತಂದಳು. ಹಿಡಿಕೆ ಕೊಕ್ಕೆಯಂತೆ ಬಾಗಿದ ಕೋಲು.

"ತಲೆಕೆಳಗು ಹಿಡಿದ್ರೆ ಆಗುತ್ತಾ ನೋಡ್ರಿ," ಎಂದಳು, ಯಾರ ಮುಖವನ್ನೂ ನೋಡದೆ.

ಎಲ್ಲರೂ ನಕ್ಕರು. ಜಗಳಕ್ಕೆ ಹೊರಟಿದ್ದ ಕಾಲುಗಳು ನಗುವಿಗೆ ನಿಂತವು. ಗಂಗಾಧರಪ್ಪ ಕೈಕೋಲನ್ನು ತಿರುಗಿಸಿ ಹಿಡಿದು ಒಮ್ಮೆ ಬೀಸಿದ. ಹಾಗೆಯೇ ಅವಳನ್ನು ಒಂದು ಗಳಿಗೆ ಜಾಸ್ತಿಯೇ ನೋಡಿದ.

"ನನ್ನ ಕೋಲು ತಗೊಂಡ್ಹೋದ್ರೆ ನಾನು ಪಂದ್ಯ ನೋಡೋಕೆ ಬರೋದು ಹೇಗ್ರೋ?" ಎಂದು ವೀರಬಸಪ್ಪನವರು ಒಳಗಿನಿಂದ ಕೂಗಿದರು. ಇಬ್ಬರು ಮೇಷ್ಟ್ರುಗಳು ಅವರನ್ನು ಆಚೆಗೊಂದು ಈಚೆಗೊಂದು ತೋಳು ಹಿಡಿದು ಮೈದಾನಕ್ಕೆ ಕರೆದೊಯ್ದರು.

ಶನಿವಾರ ಶಿಕಾರಿಪುರ ಗೆದ್ದಿತು. ಭಾನುವಾರ ಬೆಳಿಗ್ಗೆ ಸೊರಬದವರ ಜೊತೆ ಕೊನೆಯ ಆಟ. ಹೆಂಗಸರು ಮೈದಾನದ ಪಕ್ಕದ ಮಾವಿನ ಮರದಡಿ ನಿಂತು ನೋಡಿದರು. ಎರಡೂ ಕಡೆ ಒಂದೊಂದು ಗೋಲು. ಗಂಗಾಧರಪ್ಪ ಚೆಂಡನ್ನು ಎಲ್ಲರನ್ನೂ ದಾಟಿಸಿ ಗೋಲಿನ ಮುಂದೆ ತಂದು ಬೀಸಿದ. ಕೊಕ್ಕೆ ಕಿತ್ತು ಗೋಲಿನೊಳಗೆ ಹೋಯಿತು, ಚೆಂಡು ಹೊರಗೆ ಉಳಿಯಿತು. ಸೊರಬದವರು ಅದನ್ನು ಹೊಡೆದುಕೊಂಡು ಓಡಿ, ಈಚೆಯ ಗೋಲಿಗೆ ಹಾಕಿ ಆಟ ಮುಗಿಸಿದರು.

ಮನೆಗೆ ಬಂದು ಎಲ್ಲರೂ ಮಾತಿಲ್ಲದೆ ಅಂಗಳದಲ್ಲಿ ಕೂತರು. "ಕೋಲು ಕದ್ದು ಗೆದ್ದಾರ," ಎಂದು ಹುಚ್ಚರಾಯಪ್ಪ ಮತ್ತೆ ಶುರುಮಾಡುವ ಹೊತ್ತಿಗೆ, ಪಾತ್ರೆ ತಿಕ್ಕಲು ಬೂದಿ ಬಾಚಿಕೊಂಡಿದ್ದ ಗುತ್ಯಮ್ಮ ಹಿತ್ತಲಿನಿಂದ ಬಂದಳು. ಅಂಗೈಯಲ್ಲಿ ಏನೋ ಹಿಡಿದು ಎಲ್ಲರಿಗೂ ಚಾಚಿದಳು.

"ಹಂಡೆ ಒಲೆ ಬೂದಿಯಾಗೆ ಇದೊಂದು ಸಿಕ್ತು. ಎಂಥದ್ದು ನೋಡಿ, ನಂಗೆ ಕಣ್ಣು ಕಾಣಲ್ಲ."

ಕಪ್ಪಾದ ಕಬ್ಬಿಣದ ಕಡಗ. ನೀಲಾಂಬಿಕೆ ಕೈಯಲ್ಲಿದ್ದ ನೀರಿನ ಚೊಂಬನ್ನು ಅಲ್ಲಿಯೇ ಕೆಳಗಿಟ್ಟಳು. ಗಂಗಾಧರಪ್ಪ ಎದ್ದು, ಬೇರೆ ಯಾರೂ ಬಗ್ಗಿ ನೋಡುವ ಮೊದಲು ಅದನ್ನು ತೆಗೆದುಕೊಂಡು ಮುಷ್ಟಿ ಮುಚ್ಚಿದ. ಒಲೆಯ ಕಡೆ ನೋಡಿದ. ಹೆಂಡತಿಯ ಕಡೆ ನೋಡಿದ.

"ಏನಿಲ್ಲ, ಯಾವುದೋ ಹಳೇ ಬಳೆ," ಎಂದ. "ಹುಚ್ಚರಾಯಪ್ಪಾ, ಕೋಲು ಯಾರೂ ಕದ್ದಿಲ್ಲ. ನಾನೇ ಎಲ್ಲೋ ಮರ್ತೆ. ಇನ್ನ ಆ ಮಾತು ಸಾಕು."

ಲಾರಿ ಹೊರಡುವ ಹೊತ್ತಾಯಿತು. ಜಗದಾಂಬ ಹೊಸಿಲಿಗೆ ಬಂದು ನಿಂತರು. ರಾಜೇಶ್ವರಮ್ಮ ಅವರ ಬೆನ್ನ ಹಿಂದೆ, ಕಂಬಕ್ಕೆ ಒರಗಿ. ಬಂಗಾರಮ್ಮ ಆಗಲೇ ಲಾರಿಯಲ್ಲಿ. ನೀಲಾಂಬಿಕೆ ತನ್ನ ಟ್ರಂಕನ್ನು ಕಟ್ಟಿಯೂ ಇರಲಿಲ್ಲ, ಬಿಚ್ಚಿಯೂ ಇರಲಿಲ್ಲ.

"ಮಗಳನ್ನ ಬಿಟ್ಟು ಹೋಗ್ತೀರೋ, ಕರ್ಕೊಂಡು ಹೋಗ್ತೀರೋ?"

ಗಂಗಾಧರಪ್ಪ ಜೇಬಿನಲ್ಲಿ ಕೈ ಹಾಕಿ ಕಡಗವನ್ನು ತಿರುಗಿಸುತ್ತಿದ್ದುದು ಬಟ್ಟೆಯ ಮೇಲಿಂದಲೇ ಕಾಣುತ್ತಿತ್ತು. ಅವನು ತಡಮಾಡಿದ. ರಾಜೇಶ್ವರಮ್ಮನ ತುಟಿ ಒಂದು ಪಕ್ಕಕ್ಕೆ ಸರಿಯಿತು.

"ಕರ್ಕೊಂಡೇ ಹೋಗ್ತೀನ್ರಿ ಅತ್ತೇರಾ," ಎಂದ. "ಇಲ್ಲಿ ಬಿಟ್ರ ಇನ್ನೇನು ಸುಡ್ತಾಳೋ ಏನೋ!"

ಅಡುಗೆಯ ಮಾತೆಂದುಕೊಂಡು ಜಗದಾಂಬ, "ಅಯ್ಯೋ, ನಮ್ಮ ನೀಲಾ ರೊಟ್ಟಿ ಸುಡೋದರಲ್ಲಿ ಎತ್ತಿದ ಕೈ!" ಎಂದು ಹಿಗ್ಗಿದರು. ನೀಲಾಂಬಿಕೆ ನಗಲೂ ಆರದೆ ಅಳಲೂ ಆರದೆ ಟ್ರಂಕ್ ಎತ್ತಿಕೊಂಡಳು.

ಶಿರಾಳಕೊಪ್ಪದ ಈಚೆ ಒಂದು ಕೆರೆ ಏರಿಯ ಹತ್ತಿರ ಹಿಂದಿನಿಂದ ಯಾರೋ ಲಾರಿಯ ತಲೆ ಬಡಿದರು. ಗಂಗಾಧರಪ್ಪ ಕೆಳಗಿಳಿದು ಮುಂದೆ ಬಂದ.

"ಹೊಟ್ಟಿ ಸರಿ ಇಲ್ಲ, ಹೋಳಿಗಿ. ನೀಲಾ, ಚೊಂಬು ತಗೊಂಡು ಬಾ."

"ಹೊಟ್ಟಿ ನಿಂದು, ಹೆಂಡ್ತಿ ಯಾಕಲೇ?" ಎಂದು ಹುಚ್ಚರಾಯಪ್ಪ ಕೂಗಿದ. ಲಾರಿಯ ತುಂಬ ನಗು ಹರಡಿತು. ಅವಳು ತಲೆ ತಗ್ಗಿಸಿಕೊಂಡು ಚೊಂಬು ಹಿಡಿದು ಹಿಂದೆ ನಡೆದಳು. ಈಗ ಬೈಯುತ್ತಾನೆ ಎಂದುಕೊಂಡಳು.

ಏರಿಯ ಆಚೆ ಇಳಿಜಾರಿನಲ್ಲಿ ಅವನು ಒಂದು ಹುಣಸೆ ಮರದ ಮುಂದೆ ನಿಂತ. ಕ್ಯಾಸನೂರಲ್ಲ, ಕಾಡಲ್ಲ, ದನ ಕಾಯುವವರು ಬುತ್ತಿ ಬಿಚ್ಚುವ ಸಾದಾ ಹುಣಸೆ ಮರ.

"ಇದೇ," ಎಂದ. "ಎಳೆ ಕೊಂಬಿ ಬಗ್ಗಿಸಿ ಕಟ್ಟಿದ್ರ ಹಂಗೇ ಬಾಗಿ ಬೆಳೀತೈತಿ. ಕಾಡಂತ ಅವ್ರೇ ಅಂದ್ಕೊಂಡ್ರು, ನಾನು ಸುಮ್ನಿದ್ದೆ. ನಾನು ಬಿಟ್ರ ಈಗ ನಿಂಗಷ್ಟೇ ಗೊತ್ತು." ಕೊಂಬೆಗಳ ಕಡೆ ನೋಡುತ್ತಲೇ, "ಸುಡೋಕಿಂತ ಮೊದ್ಲು ಒಂದ್ಮಾತು ಬೈಬಾರ್ದಿತ್ತಾ ನೀನು?" ಎಂದ.

"ಬೈದಿದ್ರೆ ಕೇಳಿಸ್ಕೋತಿದ್ರಾ? ಎಣ್ಣೆ ಹಚ್ತಿದ್ರಲ್ಲ," ಎಂದಳು ಅವಳು. "ಸುಡಬೇಕಂತ ಇಟ್ಟಿದ್ದಲ್ಲ."

"ಗೊತ್ತಾತು ಬಿಡು." ಅವನು ಕೈಗೆಟಕುವ ಒಂದು ಕೊಂಬೆ ಹುಡುಕಿ, ಮೆಲ್ಲಗೆ ಬಗ್ಗಿಸಿ ಹಿಡಿದ. ಕಟ್ಟಲು ಏನೂ ಇರಲಿಲ್ಲ. ಅವಳ ಜಡೆಯ ಕಡೆ ನೋಡಿದ. ಅವಳು ಕೆಂಪು ಟೇಪು ಬಿಚ್ಚಿಕೊಟ್ಟಳು. ಅವನು ಕೊಂಬೆಯನ್ನು ಕೆಳಗಿನ ಬೇರಿಗೆ ಎಳೆದು ಕಟ್ಟಿ, ಗಂಟಿನ ಮೇಲೆ ಗಂಟು ಹಾಕಿ, ಕಡಗವನ್ನು ಜೇಬಿನಿಂದ ತೆಗೆದು ಅವಳ ಅಂಗೈಗೆ ಹಾಕಿದ.

"ಇದು ದೊಡ್ಡದಾಗೋತನಕ ನಿನ್ನ ಹತ್ರ ಇರ್ಲಿ."

ಹೊರಟವನು ತಿರುಗಿ ನಿಂತು ಕೊಂಬೆಯನ್ನು ಇನ್ನೊಮ್ಮೆ ಸವರಿದ, ಹೆದರಬೇಡ ಎನ್ನುವಂತೆ. ನೀಲಾಂಬಿಕೆ ನೋಡಿದಳು. ಎಳೆಯ ಮೈ, ಬಾಗಿದ ಸೊಂಟ, ತನ್ನದೇ ಕೆಂಪು ಟೇಪು.

"ತಿಂಗಳಿಗೊಮ್ಮೆ ಬಂದು ಗಂಟು ನೋಡ್ಬೇಕು," ಎಂದ ಅವನು.

"ನಾನೂ ಬರ್ತೀನಿ," ಎಂದಳು ನೀಲಾಂಬಿಕೆ. "ಒಬ್ರೇ ಬರೋ ಹಾಗಿಲ್ಲ."